ಕೀಹೋಲ್ ಸರ್ಜರಿ ಸರಿ, ವ್ಯಾಯಾಮದ ಮಾತೇ ಇಲ್ಲವಲ್ಲ?

ಮಾನ್ಯ ಸಂಪಾದಕರೇ,

ಸೊಂಟದ ಕೀಲಿನ ಕೀಹೋಲ್ ಸರ್ಜರಿ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಓದಿದೆ. ಎರಡು ಮೂರು ತೂತು, ಒಂದು ಕ್ಯಾಮೆರಾ, ಮರುದಿನ ಮನೆ, ಅಷ್ಟೇ ಎನ್ನುವ ಹಾಗಿದೆ. ನಾನು ಫಿಸಿಯೋಥೆರಪಿಸ್ಟ್. ಆಪರೇಷನ್ ಆದ ಮೇಲಿನ ತಿಂಗಳುಗಳನ್ನು ನೋಡುವವರು ನಾವೇ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ತೊಡೆಮೂಳೆಯ ಗುಂಡಿನ ಬುಡ ಉಬ್ಬಿದ್ದರೆ, ಇಲ್ಲವೇ ಆ ಗುಂಡು ಕೂರುವ ಗುಳಿಯ ಅಂಚು ಜಾಸ್ತಿ ಮುಂದಕ್ಕೆ ಬಂದಿದ್ದರೆ, ಕಾಲು ಮಡಚಿದಾಗ ಎರಡೂ ಒಂದಕ್ಕೊಂದು ತಾಗುತ್ತವೆ. ಕುಕ್ಕರಗಾಲಲ್ಲಿ ಕೂತಾಗ, ಕಾರಿನಿಂದ ಇಳಿಯುವಾಗ ತೊಡೆಸಂದಿನಲ್ಲಿ ಚುಳುಕ್ ಎನ್ನುತ್ತದೆ. ಸರ್ಜನ್ ಆ ಉಬ್ಬನ್ನು ಹೆರೆದು, ಗುಳಿಯ ಸುತ್ತಲಿನ ಮೆತ್ತನೆ ಅಂಚು ಹರಿದಿದ್ದರೆ ಹೊಲಿಯುತ್ತಾರೆ. ಒಳ್ಳೆಯ ಚಿಕಿತ್ಸೆಯೇ, ನನ್ನ ತಕರಾರು ಅದರ ಮೇಲಲ್ಲ.

ಎಕ್ಸ್‌ರೇಯಲ್ಲಿ ಉಬ್ಬು ಕಂಡರೆ ಸಾಕು, ಆಪರೇಷನ್ ಬೇಕು ಎಂಬಂತೆ ಬರೆದಿದ್ದಾರಲ್ಲ, ಅದು ತಪ್ಪು. ಯಾವ ನೋವೂ ಇಲ್ಲದ ಎಷ್ಟೋ ಜನರಿಗೆ, ಅದರಲ್ಲೂ ಚಿಕ್ಕಂದಿನಿಂದ ಫುಟ್‌ಬಾಲ್ ಆಡಿದವರಿಗೆ, ಈ ಉಬ್ಬು ಇರುತ್ತದೆ. ನೋವು, ಮೈ ಮುಟ್ಟಿ ನೋಡಿದಾಗ ಸಿಗುವ ಲಕ್ಷಣ, ಸ್ಕ್ಯಾನ್, ಈ ಮೂರೂ ಹೊಂದಬೇಕು ಎಂದು ಈ ಕ್ಷೇತ್ರದ ತಜ್ಞರೇ 2016ರಲ್ಲಿ ಒಪ್ಪಿ ಬರೆದಿದ್ದಾರೆ.

ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ ಈ ತೊಂದರೆ ಇದ್ದ 348 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸರ್ಜರಿ, ಇನ್ನೊಂದಕ್ಕೆ ಆಯಾ ರೋಗಿಗೆ ಹೊಂದುವ ವ್ಯಾಯಾಮ ಕೊಟ್ಟು ನೋಡಿದರು. ಅದು 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವರ್ಷದ ಕೊನೆಗೆ ಎರಡೂ ಗುಂಪು ಸುಧಾರಿಸಿತ್ತು. ಸೊಂಟದ ನೋವು, ಓಡಾಟ ಹೇಗಿದೆ ಎಂದು ರೋಗಿಗಳನ್ನೇ ಕೇಳಿ ನೂರಕ್ಕೆ ಕೊಡುವ ಅಂಕದಲ್ಲಿ ಸರ್ಜರಿಯವರು ಸುಮಾರು 7 ಅಂಕ ಮುಂದಿದ್ದರು, ಖರ್ಚೂ ಅವರದೇ ಹೆಚ್ಚು. ಅಂದರೆ ಸರ್ಜರಿ ಸೋತಿಲ್ಲ, ಗೆದ್ದಿದೆ. ಆದರೆ ವ್ಯಾಯಾಮವನ್ನು ಒಮ್ಮೆ ಸರಿಯಾಗಿ ಮಾಡಿ ನೋಡಿ ಎಂದು ಹೇಳುವಷ್ಟಾದರೂ ಆಧಾರ ಇದೆ. ನಿಮ್ಮ ಬರಹದಲ್ಲಿ ಅದಕ್ಕೆ ಒಂದು ಸಾಲೂ ಸಿಕ್ಕಿಲ್ಲ!

ಗಾಯ ಸಣ್ಣದು, ನಿಜ. ಆದರೆ ಕ್ಯಾಮೆರಾ ಒಳಗೆ ಹೋಗಬೇಕೆಂದರೆ ಕಾಲನ್ನು ಜೋರಾಗಿ ಎಳೆದು ಕೀಲು ಬಿಡಿಸಬೇಕು, ಹಾಗಾಗಿ ಕೆಲವರಿಗೆ ಕೆಲವು ದಿನ ಪಾದವೋ ತೊಡೆಸಂದೋ ಜೋಮು ಹಿಡಿದ ಹಾಗೆ ಇರುತ್ತದೆ. ಆಮೇಲೆ ಕೆಲವು ವಾರ ಊರುಗೋಲು, ಆಟಕ್ಕೆ ಮರಳಲು ತಿಂಗಳುಗಳೇ ಬೇಕು. ಆಗಲೂ ವ್ಯಾಯಾಮ ತಪ್ಪಿದ್ದಲ್ಲ.

ಇನ್ನೊಂದು ವಿಷಯ. ನಿಮ್ಮ ಪುಟ ಕತ್ತರಿಸಿಕೊಂಡು ಬಂದವರಲ್ಲಿ ಅರವತ್ತು ದಾಟಿದ, ಕೀಲು ಪೂರ್ತಿ ಸವೆದ ಹಿರಿಯರೂ ಇದ್ದರು. ಅಂಥವರಿಗೆ ಈ ಸರ್ಜರಿಯಿಂದ ಪ್ರಯೋಜನ ಕಡಿಮೆ. ಮುಂದಿನ ವಾರ ಇದೊಂದನ್ನಾದರೂ ದಪ್ಪ ಅಕ್ಷರದಲ್ಲಿ ಹಾಕಿ.

ಒಬ್ಬ ಫಿಸಿಯೋಥೆರಪಿಸ್ಟ್, ದಾವಣಗೆರೆ