ವಾಖಾನ್‌ನಲ್ಲಿ ಹೊಳೆ ದಾಟುವ ಹೊತ್ತು

ಮಾನ್ಯ ಸಂಪಾದಕರೇ,

ಅಫ್ಘಾನಿಸ್ತಾನದ ವಾಖಾನ್ ಕಣಿವೆ ಕುರಿತ ಪುರವಣಿ ಲೇಖನದಲ್ಲಿ ಹಿಮಶಿಖರಗಳ ವರ್ಣನೆ ಸೊಗಸಾಗಿದೆ. ಆದರೆ ನಡೆದು ಹೋಗುವವರಿಗೆ ಬೇಕಾದ ಮಾತೇ ಬಿಟ್ಟುಹೋಗಿದೆ: ಹೊಳೆ.

ಕಣಿವೆಯ ಬಾಯಲ್ಲಿರುವ ಇಶ್ಕಾಶಿಮ್ ಊರಿನಿಂದ ಮೇಲ್ತುದಿಯ ಹಳ್ಳಿ ಸರ್ಹದ್-ಎ-ಬ್ರೊಘಿಲ್‌ಗೆ ಜೀಪು ಹೋಗುತ್ತದೆ, ಅದೂ ಅಡ್ಡತೊರೆಗಳು ರಸ್ತೆ ಕೊಚ್ಚದಿದ್ದರೆ. ಸರ್ಹದ್ ಇರುವುದೇ ಸುಮಾರು 3,300 ಮೀಟರ್ ಎತ್ತರದಲ್ಲಿ. ಮುಂದೆ ಕಿರ್ಗಿಜ್ ಪಶುಪಾಲಕರ ಎತ್ತರದ ಬಯಲು ಪುಟ್ಟ ಪಾಮೀರ್ 4,000 ಮೀಟರ್ ಮುಟ್ಟುತ್ತದೆ. ಆದ್ದರಿಂದ ಸರ್ಹದ್‌ನಲ್ಲಿ ಎರಡು ರಾತ್ರಿಯಾದರೂ ತಂಗಿ, ಅಲ್ಲಿನ ನಿವಾಸಿಗಳಾದ ವಾಖಿಗಳ ಮನೆಯ ಉಪ್ಪು ಹಾಕಿದ ಹಾಲಿನ ಚಹಾ ಕುಡಿದು ಮೈ ಒಗ್ಗಿಸಿಕೊಳ್ಳಬೇಕು.

ಜುಲೈ, ಆಗಸ್ಟ್‌ನಲ್ಲಿ ಹಿಮನದಿ ಹಗಲಿಡೀ ಕರಗುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ತೊರೆ ಸಂಜೆಗೆ ಸೊಂಟ ಮುಟ್ಟಬಹುದು. ದಾಟುವುದಾದರೆ ಬಿಸಿಲೇರುವ ಮೊದಲೇ. ನೀರು ಬೂದಿ ಕದಡಿದಂತಿದ್ದು ತಳ ಕಾಣದು. ಕೆಳಗೆ ಬಂಡೆಗಳು ಉರುಳುವ ಗುಡುಗುಡು ಸದ್ದು ಕೇಳಿದರೆ ಕಾಲಿಡಲೇಬೇಡಿ. ಬರಿಗಾಲು ಬೇಡ, ಬೂಟು ನೆನೆದರೆ ನೆನೆಯಲಿ. ಚೀಲದ ಸೊಂಟಪಟ್ಟಿ ಬಿಚ್ಚಿರಬೇಕು, ಬಿದ್ದರೆ ಅದೇ ಮುಳುಗಿಸುತ್ತದೆ. ಹರಿವಿಗೆ ಮುಖ ಮಾಡಿ, ಕೋಲೂರಿ, ಅಡ್ಡಡ್ಡ ಹೆಜ್ಜೆ ಇಡಿ. ಮೇಲೆ ಕುಳಿತು ದಾಟಲು ಯಾಕ್ ಸಿಕ್ಕರೆ ಇಷ್ಟೆಲ್ಲ ಪಾಡೇ ಇಲ್ಲ.

ಎಟಿಎಂ ನಂಬಬೇಡಿ, ಚಿಲ್ಲರೆ ಅಫ್ಘಾನಿ ನೋಟು ಜತೆಗಿರಲಿ. ಸಾಮಾನು ಹೊರಿಸಿಕೊಂಡು ಬರುವ ಕತ್ತೆಯವನು ಬರಿಗೈಲಿ ಮರಳುವ ದಿನದ ಕೂಲಿಯನ್ನೂ ಹೊರಡುವ ಮುನ್ನವೇ ಮಾತಾಡಿಕೊಳ್ಳಿ; ಜಗಳ ಹುಟ್ಟುವುದು ಅಲ್ಲೇ.

ಇನ್ನು, ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಗುವ ಜಾಗ ಅದಲ್ಲ. ಪ್ರಯಾಣ ವಿಮೆಗಳು ಸಾಮಾನ್ಯವಾಗಿ ಅಫ್ಘಾನಿಸ್ತಾನವನ್ನು ಹೊರಗಿಡುತ್ತವೆ. ಇದನ್ನೂ ಲೇಖನ ಹೇಳಬೇಕಿತ್ತು.

— ಓದುಗರು, ಬೆಂಗಳೂರು