ಇಟೌಮಾ ಬಗ್ಗೆ ತೀರ್ಪು ಕೊಡುವ ಮುಂಚೆ

ಗೆಳೆಯರೇ, 2025ರ ಆಗಸ್ಟ್‌ನಲ್ಲಿ ರಿಯಾದ್‌ನಲ್ಲಿ ಹೆವಿವೇಯ್ಟ್ (ಅತಿ ಭಾರದ ವರ್ಗ) ಬಾಕ್ಸರ್ ಮೋಸೆಸ್ ಇಟೌಮಾ ಮೊದಲ ಸುತ್ತಿನಲ್ಲೇ ಎದುರಾಳಿ ಡಿಲಿಯನ್ ವೈಟ್ ಆಟ ಮುಗಿಸಿದ ವಿಡಿಯೊ ನಮ್ಮ ಗುಂಪಿಗೆ ಮತ್ತೆ ಮತ್ತೆ ಬರುತ್ತಿದೆ. ಆಗ ಹುಡುಗನಿಗೆ ಬರೀ 20 ವರ್ಷ. ನನಗೂ ಅವನ ಆಟ ತುಂಬಾ ಇಷ್ಟ. ಆದರೂ ಅದೊಂದನ್ನೇ ನೋಡಿ ಮುಂದಿನ ಚಾಂಪಿಯನ್ ಅಂದುಬಿಡುವುದು ಅವಸರ ಅಲ್ವಾ?

ವೈಟ್‌ಗೆ ಆಗಲೇ 37. ಅದಕ್ಕೂ ಮೊದಲೇ 2020ರಲ್ಲಿ ಪೊವೆಟ್ಕಿನ್, 2022ರಲ್ಲಿ ಫ್ಯೂರಿ, ಈ ಇಬ್ಬರು ಬಾಕ್ಸರ್‌ಗಳೂ ಅವನನ್ನು ಅಪ್ಪರ್‌ಕಟ್‌ನಿಂದ (ಕೆಳಗಿನಿಂದ ಮೇಲಕ್ಕೆ ಹೊಡೆಯುವ ಗುದ್ದು) ಕೆಡವಿದ್ದರು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ವಿಡಿಯೊವನ್ನು ನಿಧಾನವಾಗಿ ಓಡಿಸಿ, ಸುಮ್ನೆ ಕಾಲುಗಳನ್ನೇ ನೋಡಿ. ಇಟೌಮಾ ಎಡಗೈ ಆಟಗಾರ. ಇಂಥವರು ಮುಂದಿಟ್ಟ ಬಲಗಾಲು ಎದುರಾಳಿಯ ಎಡಗಾಲಿನ ಹೊರಗೆ ಬಿದ್ದರೆ ಎಡಗೈ ಏಟಿಗೆ ನೇರ ದಾರಿ ಸಿಗುತ್ತದೆ. ಅವನ ಕೈ ವೇಗಕ್ಕಿಂತ ಈ ಜಾಗ ಹಿಡಿಯುವ ಜಾಣತನವೇ ನನಗೆ ಜಾಸ್ತಿ ಭರವಸೆ ಕೊಡುತ್ತದೆ.

ಗೊತ್ತಾಗದೆ ಉಳಿದದ್ದು ದಮ್ಮು. ವೈಟ್ ಪಂದ್ಯದವರೆಗೆ ಇಟೌಮಾ ಆರು ಸುತ್ತು ದಾಟಿರಲೇ ಇಲ್ಲ. ದಮ್ಮು ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ: 2017ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಹೆವಿವೇಯ್ಟ್ ಬಾಕ್ಸರ್ ಜೋಶುವಾ ಐದನೇ ಸುತ್ತಿನಲ್ಲಿ ಎದುರಾಳಿ ಕ್ಲಿಚ್ಕೊನನ್ನು ಬೀಳಿಸಿದ, ಆರನೇ ಸುತ್ತಿನಲ್ಲಿ ತಾನೇ ಬಿದ್ದ. ಉಸಿರು ಕಟ್ಟಿದ್ದರೂ ಎದ್ದು ನಿಂತು ಹನ್ನೊಂದನೇ ಸುತ್ತಿನಲ್ಲಿ ಗೆದ್ದ. ಏಟು ತಿಂದ ಮೇಲೆ ಆಟಗಾರ ಏನು ಮಾಡುತ್ತಾನೆ ಅನ್ನುವುದು ಹೆವಿವೇಯ್ಟ್‌ನಲ್ಲಿ ದೊಡ್ಡ ಪ್ರಶ್ನೆ.

ಹಾಗಾಗಿ ಇನ್ನು ಮುಂದೆ ನಾಕೌಟ್ ತುಣುಕು ಬೇಡ. ಇಟೌಮಾನ ಆರು ಸುತ್ತಿನ ಪಂದ್ಯ ಪೂರ್ತಿ ನೋಡಿ, ಕೊನೆಯ ಎರಡು ಸುತ್ತಿನಲ್ಲಿ ದಣಿದು ಕೈ ಕೆಳಗಿಳಿಯುತ್ತದಾ ಅಂತ ಗಮನಿಸಿ ಇಲ್ಲಿ ಬರೆಯಿರಿ.