ಮಡಿವಾಳದಲ್ಲಿ ಒಂದು ಮಡಿವಾಳ ಹಕ್ಕಿ

ಪುಟ್ಟಿ,

ನೀನು ಕಳಿಸಿದ ಆಡಿಯೋ ನಾಲ್ಕು ಸಲ ಕೇಳಿದೆ. "ಬೆಳಗಿನ ಐದಕ್ಕೇ ಶುರು ಮಾಡತ್ತೆ, ನಿದ್ದೆನೇ ಇಲ್ಲ ಅಪ್ಪಾ" ಅಂತ ಬೈದಿದ್ದೀಯಲ್ಲ, ಅದು ಮಡಿವಾಳ ಹಕ್ಕಿ. ನಿನ್ನ ಪಿಜಿ ಇರುವುದೂ ಬೆಂಗಳೂರಿನ ಮಡಿವಾಳದಲ್ಲಿ, ಎಬ್ಬಿಸುವುದೂ ಮಡಿವಾಳ! ನಾಳೆ ಎದುರು ಮನೆ ಟ್ಯಾಂಕ್ ಮೇಲೆ ನೋಡು. ಎದೆವರೆಗೆ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯಲ್ಲೊಂದು ಬಿಳಿ ಪಟ್ಟೆ, ಬಾಲ ಮೇಲಕ್ಕೆ. ಹೆಣ್ಣಾದರೆ ಕಪ್ಪಿರುವ ಕಡೆ ಬೂದಿ ಬಣ್ಣ.

ಅದು ಸುಮ್ನೆ ಹಾಡುತ್ತಿಲ್ಲ. ಮಾರ್ಚ್ ಬಂತಲ್ವಾ, ಗೂಡು ಕಟ್ಟುವ ಕಾಲ. ಈ ಜಾಗ ನಂದು ಅಂತ ಬೇರೆ ಗಂಡುಗಳಿಗೆ ಗದರುವುದೂ ಹೆಣ್ಣನ್ನು ಕರೆಯುವುದೂ ಅದೇ ಹಾಡಲ್ಲಿ. ಒಂದು ತಮಾಷೆ ಗೊತ್ತಾ? ವಿಜ್ಞಾನಿಗಳ ಲೆಕ್ಕದಲ್ಲಿ ಕಾಗೆ ಹಾಡುಹಕ್ಕಿ, ಕೋಗಿಲೆ ಅಲ್ಲ! ಕಾಗೆ ಗೂಡಲ್ಲಿ ಬೆಳೆದ ಕೋಗಿಲೆ ಮರಿ ಯಾರೂ ಹೇಳಿಕೊಡದೆ ಕುಹೂ ಅನ್ನುತ್ತದೆ. ಮಡಿವಾಳದ ಮರಿ ಮಾತ್ರ ದೊಡ್ಡವು ಹಾಡುವುದನ್ನು ಕೇಳಿಸಿಕೊಂಡು, ತೊದಲಿ, ತಪ್ಪಿ ಕಲಿಯಬೇಕು, ನೀನು ಸಂಗೀತ ಕ್ಲಾಸಿಗೆ ಹೋಗುತ್ತಿದ್ದೆಯಲ್ಲ ಹಾಗೆ. (ಅದು ಮಧ್ಯದಲ್ಲಿ ಬಿಡಲ್ಲ, ಅಷ್ಟೇ ವ್ಯತ್ಯಾಸ.)

ನಮ್ಮ ಮನೆಯ ಜೋಡಿಗೆ ಬಚ್ಚಲ ನೀರು ಹರಿಯುವ ಬಸಳೆ ಬುಡವೇ ಅಡುಗೆಮನೆ. ನಿನ್ನೆ ಕಾಫಿ ಹಿಡಿದು ನೋಡುತ್ತಾ ಕೂತಿದ್ದೆ. ಗಂಡು ಕೆಳಗಿಳಿಯಿತು, ಎರಡು ಸಲ ಕುಪ್ಪಳಿಸಿತು, ತಲೆ ವಾರೆ ಮಾಡಿ ನಿಂತಿತು, ಆಮೇಲೆ ತರಗೆಲೆ ಸರಿಸಿ ಒಂದು ಮಿಡತೆ ಎಳೆದು ಕಲ್ಲಿಗೆ ಬಡಿದು ಬಡಿದು ನುಂಗಿತು. ಎರೆಹುಳ, ಜೀರುಂಡೆ, ಒಮ್ಮೊಮ್ಮೆ ಪುಟ್ಟ ಹಲ್ಲಿ ಕೂಡ ಆಗುತ್ತದೆ. ಅದಕ್ಕೇ ತರಕಾರಿಗೆ ಔಷಧಿ ಹೊಡೆಯುವುದು ಬಿಟ್ಟೆ. ಹುಳ ಸತ್ತರೆ ಇದಕ್ಕೆ ಊಟ ಎಲ್ಲಿಂದ?

ಇನ್ನೊಂದು ವಿಷಯ, ನಿನಗೆ ಹೇಳಿರಲಿಲ್ಲ. ಹೋದ ವರ್ಷ ಮನೆ ರಿಪೇರಿ ಮಾಡಿಸುವಾಗ ಹಿಂದಿನ ಗೋಡೆಯ ತೂತಿಗೆ ಸಿಮೆಂಟ್ ಮೆತ್ತಿಸಿಬಿಟ್ಟೆ. ಅದು ಇವರ ಮನೆ. ಮಡಿವಾಳ ಮೊಟ್ಟೆ ಇಡುವುದೇ ಮರದ ಪೊಟರೆಯಲ್ಲಿ, ಇಲ್ಲಾ ಗೋಡೆ ತೂತಿನಲ್ಲಿ. ಹೆಣ್ಣು ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಮೂರು ದಿನ ಆ ಸಿಮೆಂಟಿನ ಎದುರು ಪಟಪಟ ಹಾರಿ ಹಾರಿ ವಾಪಸ್ ಹೋಯಿತು. ಅಮ್ಮ ನನ್ನ ಜೊತೆ ಒಂದು ದಿನ ಮಾತೇ ಬಿಟ್ಟಿದ್ದಳು. ನಿಮ್ಮ ಬೆಂಗಳೂರಿನ ನುಣ್ಣನೆ ಅಪಾರ್ಟ್‌ಮೆಂಟ್ ಗೋಡೆಗಳಲ್ಲಿ ಪಾಪ ಇವು ಎಲ್ಲಿ ಹುಡುಕುತ್ತವೋ.

ಹಾಡು ಚೆನ್ನಾಗಿರುವುದೂ ಇದಕ್ಕೆ ಶಾಪವೇ. ಬಾಂಗ್ಲಾದೇಶದ ರಾಷ್ಟ್ರಪಕ್ಷಿ ಇದು, ಆದರೆ ಸಿಂಗಪುರದಲ್ಲಿ ಪಂಜರಕ್ಕೆ ಹಿಡಿದೂ ಹಿಡಿದೂ 1980ರ ದಶಕದ ಹೊತ್ತಿಗೆ ಬೆರಳೆಣಿಕೆಯಷ್ಟು ಉಳಿದಿದ್ದವು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಬೆಕ್ಕಿಗೆ ಯಾವ ಕಾಯ್ದೆಯೂ ಗೊತ್ತಿಲ್ಲ, ಅದು ಬೇರೆ ಮಾತು!

ಈ ಸಲ ಹಳೇ ಹಲಗೆಯಲ್ಲಿ ಒಂದು ಗೂಡು ಮಾಡಿ, ಬೆಕ್ಕು ಹತ್ತದ ಹಾಗೆ ಸೂರಿನ ಕೆಳಗೆ ಮೊಳೆ ಹೊಡೆದಿದ್ದೇನೆ. ಇವತ್ತು ಹೆಣ್ಣು ಬಂದು ಒಳಗೆ ಇಣುಕಿತು, ಗಂಡು ತಂತಿ ಮೇಲೆ ಕಾವಲು. ಅಮ್ಮ ಆ ಕಡೆ ಬಟ್ಟೆ ಒಣಗಿಸಲು ಹೋಗುವುದಕ್ಕೂ ಬಿಡುತ್ತಿಲ್ಲ. ಹುಲ್ಲು ತಂದ ದಿನ ಫೋಟೋ ಕಳಿಸ್ತೀನಿ.

ಅಪ್ಪ